ಹಳೆಯ ಸರ್ವರಿನಲ್ಲಿ ನಿಂತುಹೋದ ನದಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನನಗೆ ಫೋನ್ ಮಾಡುತ್ತಾರೆ. ಪ್ರೋಗ್ರಾಮನ್ನು ಬೇರೆ ಸರ್ವರಿಗೆ ಸಾಗಿಸಿದ ಮೇಲೆ ಓಡುತ್ತಿಲ್ಲ, ಪರದೆಯ ತುಂಬ ತಪ್ಪು ತೋರಿಸುವ ಕೆಂಪಕ್ಷರ ಬಂದಿದೆ ಎಂದು ಗಾಬರಿಯಾಗಿರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ ಮಾತು: "ಕೆಂಪಕ್ಷರ ಬಂತಂದ್ರ ದೇವರಿಗೆ ಕೈ ಮುಗೀರಿ. ಏನೂ ಬರದಂಗ ಎಲ್ಲಾ ಛಲೋ ಕಂಡ್ರ ಆವಾಗ ಅಂಜ್ರಿ." ಅವರು ನಗುತ್ತಾರೆ. ನಿವೃತ್ತಳಾದ ಹೆಂಗಸು ಏನೋ ಒಗಟು ಹೇಳುತ್ತಾಳೆ ಎಂದುಕೊಳ್ಳುತ್ತಾರೆ. ಅದು ಒಗಟಲ್ಲ, ನನಗೆ ಆದದ್ದು. ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತೆಂದು ಕೂತಿದ್ದೇನೆ.

ನಾನು ಇರಕಲ್ಲಗಡದವಳು, ಹೆಸರು ರೇಣುಕಾ. ನಮ್ಮದು ಮಳೆಯನ್ನೇ ನಂಬಿದ ಒಕ್ಕಲುತನದ ಮನೆ. ೧೯೯೭ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದಾಗ ನಾನು ರಾಯಚೂರಿನಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಊರಿಗೆ ಹತ್ತಿರವಾಗುತ್ತದೆಂದು ಕೇಳಿಕೊಂಡು ಕೊಪ್ಪಳಕ್ಕೆ ಬಂದೆ. ಬಂದು ಸೇರಿದ ಕಚೇರಿಯ ಹೆಸರು ಇಲ್ಲಿ ಬೇಡ. ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮಳೆ ಬಿತ್ತು, ಹೊಳೆಗೆ ಎಷ್ಟು ನೀರು ಬಂತು ಎಂಬುದನ್ನು ಒಂದೆಡೆ ಸೇರಿಸುವುದು ಅದರ ಕೆಲಸ.

ಆಗ ಮಳೆಯ ಲೆಕ್ಕ ಫೋನಿನಲ್ಲಿ ಬರುತ್ತಿತ್ತು. ಬೆಳಿಗ್ಗೆ ಕುಷ್ಟಗಿಯಿಂದ, ಯಲಬುರ್ಗಾದಿಂದ, ಗಂಗಾವತಿಯಿಂದ ಒಬ್ಬೊಬ್ಬರಾಗಿ ಕರೆ ಮಾಡುವರು. ತಂತಿಯಲ್ಲಿ ಗೊರಗೊರ ಸದ್ದು. "ಏಳೋ ಎಂಟೋ ಹೇಳ್ರಿ, ಕೇಳವಲ್ದು!" ಎಂದು ನಾನು ಕೂಗುತ್ತಿದ್ದೆ. ಆ ಕಡೆಯವರು ನನಗಿಂತ ಜೋರಾಗಿ ಕೂಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಇಂಟರ್ನೆಟ್ ಬಂತು. ಊರ ಹೊರಗಿನಿಂದ ಬಂದ ತಂಡವೊಂದು ತಾಲೂಕಿನವರು ಅಲ್ಲಿಂದಲೇ ತುಂಬಿದ ಅಂಕಿಯನ್ನು ನಮಗೆ ತೋರಿಸುವ ಒಂದು ವೆಬ್ ಪ್ರೋಗ್ರಾಮ್ ಮಾಡಿಕೊಟ್ಟಿತು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ನಮ್ಮ ಇಂಜಿನಿಯರ್ ಖಾದರ್ ಸಾಹೇಬರು ನನಗೆ ಕೊಟ್ಟರು. ಅವರು ಎತ್ತರದ, ಮೆಲುಮಾತಿನ ಮನುಷ್ಯ. ನಡುವೆ ವರ್ಗವಾಗಿ ಹೋಗಿ, ಮತ್ತೆ ನಮ್ಮಲ್ಲಿಗೇ ಬಂದವರು. ನನಗೆ ಬರುವುದಿಲ್ಲ ಎಂದರೆ, "ಯಾರಿಗ ಬರ್ತೈತ್ರಿ? ಕೂಡ್ರಿ, ಬರ್ತೈತಿ" ಎನ್ನುವರು.

ಆ ಪ್ರೋಗ್ರಾಮ್ ಮೊದಲ ಸಲ ಓಡಿದ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಪರದೆಯ ಮೇಲೆ ನಾಲ್ಕು ತಾಲೂಕಿನ ಹೆಸರು, ಎದುರಿಗೆ ಖಾಲಿ ಜಾಗ. ನೋಡುತ್ತಿದ್ದ ಹಾಗೆಯೇ ಕುಷ್ಟಗಿಯ ಎದುರು ಒಂದು ಅಂಕಿ ಬಂದು ಕೂತಿತು. ಯಾರೂ ಕೂಗಲಿಲ್ಲ, ಯಾರೂ ಕೇಳಲಿಲ್ಲ. ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಕೋಟೆಯ ಗುಡ್ಡದ ಮೇಲೆ ಬಿಸಿಲು ಸುರಿಯುತ್ತಿತ್ತು. "ಇಲ್ಲಿ ಒಂದ ಮೋಡ ಇಲ್ಲ. ಅಲ್ಲಿ ಬಿದ್ದ ಮಳಿ ಇಲ್ಲಿಗೆ ಬಂತಲ್ರಿ" ಎಂದರು. ನಂಬಿಕೆಯಾಗದೆ ನಾನು ಕುಷ್ಟಗಿಗೆ ಫೋನ್ ಮಾಡಿದೆ. "ಹೌದ್ರಿ, ಭಾಳ ಛಲೋ ಆತು" ಎಂದರು. ಆ ದಿನವಿಡೀ ನಾನು ನೆಪ ಮಾಡಿಕೊಂಡು ಆ ಪರದೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಈ ಅಂಕಿ ಎಲ್ಲಿಂದ ಬರುತ್ತದೆ, ಎಲ್ಲಿ ಇರುತ್ತದೆ ಎಂಬುದು ಗೊತ್ತಾದದ್ದು ಮೊದಲ ಸಲ ಪ್ರೋಗ್ರಾಮನ್ನು ಜಾಗ ಬದಲಿಸಿದಾಗ. ನಮ್ಮ ಕಂಪ್ಯೂಟರ್ ಒಂದರ ಮೇಲೆಯೇ ಎಲ್ಲವೂ ಇತ್ತು. ಪ್ರೋಗ್ರಾಮೂ ಅಲ್ಲಿಯೇ, ಅಂಕಿಗಳನ್ನು ಜೋಡಿಸಿಡುವ ಡೇಟಾಬೇಸೂ ಅಲ್ಲಿಯೇ. ಭಾರ ಹೆಚ್ಚಾಯಿತೆಂದು ಪ್ರೋಗ್ರಾಮನ್ನು ಮಾತ್ರ ಪಕ್ಕದ ಕೋಣೆಯ ಹೊಸ ಯಂತ್ರಕ್ಕೆ ಸಾಗಿಸಿದರು. ಅದು ಎದ್ದು ನಿಂತಿತು, ಆದರೆ ಒಂದು ಅಂಕಿಯನ್ನೂ ತೋರಿಸಲಿಲ್ಲ.

ಆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಒಂದು ಸಾಲು ಇತ್ತು. ಡೇಟಾಬೇಸ್ ಯಾವ ಯಂತ್ರದಲ್ಲಿದೆ, ಅದರ ಹೆಸರೇನು, ಒಳಗೆ ಬಿಡಲು ಯಾವ ಹೆಸರು ಯಾವ ಪಾಸ್‌ವರ್ಡ್ ಹೇಳಬೇಕು, ಇಷ್ಟೂ ಆ ಸಾಲಿನಲ್ಲಿ. ಅದಕ್ಕೆ ಸಂಪರ್ಕದ ಸಾಲು ಎನ್ನುತ್ತಿದ್ದೆವು. ಯಂತ್ರದ ವಿಳಾಸ ಇರಬೇಕಾದಲ್ಲಿ "ಲೋಕಲ್‌ಹೋಸ್ಟ್" ಎಂದು ಬರೆದಿತ್ತು. ಹಾಗೆಂದರೆ 'ನಾನಿರುವ ಮನೆಯಲ್ಲೇ' ಎಂದರ್ಥ. ಹಳೆಯ ಯಂತ್ರದಲ್ಲಿ ಅದು ನಿಜವಾಗಿತ್ತು. ಹೊಸ ಯಂತ್ರಕ್ಕೆ ಬಂದ ಮೇಲೂ ಪ್ರೋಗ್ರಾಮ್ ತಾನಿರುವ ಮನೆಯಲ್ಲೇ ಹುಡುಕುತ್ತಿತ್ತು, ಅಲ್ಲಿ ಏನೂ ಇರಲಿಲ್ಲ. ಆ ಒಂದು ಶಬ್ದ ಅಳಿಸಿ ಹಳೆಯ ಯಂತ್ರದ ವಿಳಾಸ ಬರೆದೆ. ಅಷ್ಟೂ ವರ್ಷದ ಮಳೆ ಒಮ್ಮೆಗೇ ಪರದೆಯ ಮೇಲೆ ಬಂತು. ಒಂದು ಸಾಲಿನ ಆ ಕಡೆ ಇಡೀ ಜಿಲ್ಲೆಯ ಮುಗಿಲು ನಿಂತಿತ್ತು.

ಮುಂದೆ ರೈತರೂ ಹೊಳೆದಂಡೆಯವರೂ ತಮ್ಮ ಹೆಸರು ಮತ್ತು ಮೊಬೈಲ್ ನಂಬರ್ ಬರೆಸಿದರೆ, ಮಳೆಯ ಮತ್ತು ಹೊಳೆಯ ಸುದ್ದಿಯನ್ನು ಮೆಸೇಜಿನಲ್ಲಿ ಕಳಿಸುವ ಏರ್ಪಾಡಾಯಿತು. ಹೆಸರುಗಳನ್ನು ಕನ್ನಡದಲ್ಲೇ ತುಂಬಿದೆವು. ಇನ್ನೊಮ್ಮೆ ಸರ್ವರ್ ಬದಲಾಯಿತು. ಮರುದಿನ ಯಲಬುರ್ಗಾದಿಂದ ನಮ್ಮ ಗುಮಾಸ್ತ ಬಸವರಾಜನ ಕರೆ.

"ಅಕ್ಕಾರ, ನಮ್ಮ ರೈತರೆಲ್ಲಾ ಪ್ರಶ್ನಿ ಆಗ್ಯಾರ್ರಿ!"

"ಹಂಗಂದ್ರ ಏನೋ ಬಸವರಾಜ?"

"ಹೆಸರೇ ಇಲ್ರಿ. ಬರೇ ಪ್ರಶ್ನಾರ್ಥಕ ಚಿಹ್ನಿ. ಸರಿ ಆದೀತಂತ ಒಬ್ಬರದು ತಗದು ಹಂಗ ಸೇವ್ ಮಾಡೀನಿ. ಮತ್ತ ಹಂಗ ಬರಾಕತ್ತೈತಿ. ಉಳಿದವ್ರದೂ ಮಾಡ್ಲೇನ್ರಿ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಬ್ಯಾಡ! ಕೈ ತಗಿ! ಯಾರೂ ಸೇವ್ ಒತ್ತಬ್ಯಾಡ್ರಿ ಅಂತ ಹೇಳು!"

ಹೆಸರುಗಳು ಹೋಗಿರಲಿಲ್ಲ. ಡೇಟಾಬೇಸಿನೊಳಗೆ ಒಂದೊಂದು ಅಕ್ಷರವೂ ಕ್ಷೇಮವಾಗಿತ್ತು. ಆದರೆ ಯಾವ ಬಗೆಯ ಅಕ್ಷರದಲ್ಲಿ ಮಾತಾಡಬೇಕು ಎಂಬುದನ್ನೂ ಸಂಪರ್ಕದ ಸಾಲಿನಲ್ಲಿ ಹೇಳಬೇಕಿತ್ತು. ಹೊಸ ಸರ್ವರಿನಲ್ಲಿ ಆ ಮಾತು ಬಿಟ್ಟುಹೋಗಿತ್ತು. ಹಾಗಾಗಿ ನಡುವಿನ ದಾರಿಯಲ್ಲಿ ಕನ್ನಡ ಗುರುತು ಸಿಗದೆ ಪ್ರಶ್ನೆಯಾಗುತ್ತಿತ್ತು. ಓದುವಾಗ ಅಪಾಯವಿಲ್ಲ. ಬರೆದರೆ ಮಾತ್ರ ಪ್ರಶ್ನೆಯೇ ಒಳಗೆ ಹೋಗಿ ಕೂಡುತ್ತದೆ, ನಿಜವಾದ ಹೆಸರು ಶಾಶ್ವತವಾಗಿ ಹೋಗುತ್ತದೆ. ಆ ಒಂದು ಮಾತು ಸೇರಿಸಿ, ನಾಲ್ಕು ತಾಲೂಕಿಗೂ ಫೋನ್ ಮಾಡಿ, ಪುಟವನ್ನು ಮತ್ತೊಮ್ಮೆ ತೆರೆಯಿರಿ ಎಂದೆ. ಬಸವರಾಜ ಫೋನ್ ಇಡದೆ ಒಂದೊಂದೇ ಹೆಸರನ್ನು ಓದತೊಡಗಿದ. "ಶರಣಪ್ಪ ಬಂದ್ರಿ... ದ್ಯಾಮವ್ವ ಬಂದ್ಳು... ಮಾಬುಸಾಬ್ ಬಂದಾನ..." ಕಳೆದುಹೋದವರು ಊರಿಗೆ ಮರಳಿ ಬಂದ ಹಾಗೆ ಓದುತ್ತಿದ್ದ. ಅವನು ಸೇವ್ ಮಾಡಿದ್ದ ಒಬ್ಬರು ಮಾತ್ರ ಪ್ರಶ್ನೆಯಾಗಿಯೇ ಉಳಿದರು. ಅವರ ಮೊಬೈಲಿಗೆ ಫೋನ್ ಮಾಡಿ, "ನಿಮ್ಮ ಹೆಸರೇನ್ರಿ?" ಎಂದು ಕೇಳಿ ಬರೆದೆವು.

ಇವೆರಡೂ ಕಣ್ಣಿಗೆ ಕಾಣುವ ತೊಂದರೆಗಳು. ಕಾಣದ್ದು ಬಂದದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಒಂದು ಮಳೆಗಾಲದಲ್ಲಿ.

ಹಳೆಯ ಸರ್ವರ್ ಮುಪ್ಪಾಗಿತ್ತು. ಹೊಸ ಕಟ್ಟಡದಲ್ಲಿ ಹೊಸ ಯಂತ್ರ ಬಂದು ಕೂತಿತು. ಸಾಗಿಸುವ ಕೆಲಸಕ್ಕೆ ಬಂದವನು ಗಂಗಾವತಿಯ ಪ್ರಕಾಶ, ಓದಿದವನು, ಕೆಲಸದಲ್ಲಿ ಜಾಣ. ಡೇಟಾಬೇಸನ್ನು ಹೊಸ ಯಂತ್ರಕ್ಕೆ ನಕಲು ಮಾಡಿದ, ಪ್ರೋಗ್ರಾಮಿನ ಸಂಪರ್ಕದ ಸಾಲಿನಲ್ಲಿ ಹೊಸ ವಿಳಾಸ ಹಾಕಿದ, ಒಂದೊಂದು ಪುಟವನ್ನೂ ಒತ್ತಿ ನೋಡಿದ. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಹಳೆಯ ಯಂತ್ರವನ್ನು ಆರಿಸದೆ ಹಾಗೆಯೇ ಬಿಟ್ಟೆವು. ಎಲ್ಲರೂ ಹಾಗೆಯೇ ಮಾಡುತ್ತಾರೆ. ಒಂದು ಕೆಂಪಕ್ಷರವೂ ಬರಲಿಲ್ಲ. ಚಹಾ ತರಿಸಿ ಕುಡಿದೆವು.

ಮುಂದಿನ ವಾರ ಮಲೆನಾಡಿನ ಕಡೆ ಮಳೆ ಹಿಡಿಯಿತು. ಜಲಾಶಯ ತುಂಬಿ ತುಂಗಭದ್ರೆಗೆ ನೀರು ಬಿಡತೊಡಗಿದ್ದರು. ನಮ್ಮ ಕೋಣೆಯ ಗೋಡೆಗೆ ಹಾಕಿದ ಪರದೆಯ ಮೇಲೆ ಹೊಳೆಗೆ ಬಿಟ್ಟ ನೀರಿನ ಅಂಕಿ ಕಾಣುತ್ತಿತ್ತು. ಅದು ಅಪಾಯದ ಗೆರೆ ದಾಟಿದರೆ ದಂಡೆಯ ಊರುಗಳಿಗೆ ಮೆಸೇಜ್ ತಾನಾಗಿಯೇ ಹೋಗುತ್ತಿತ್ತು. ಅಂಕಿ ಗೆರೆಗಿಂತ ಎಷ್ಟೋ ಕೆಳಗಿತ್ತು. ನಾವು ನಿಶ್ಚಿಂತರಾಗಿದ್ದೆವು.

ಮಧ್ಯಾಹ್ನಕ್ಕೆ ಮುಂಚೆ ಖಾದರ್ ಸಾಹೇಬರು ಯಾವುದೋ ಫೈಲು ಕೇಳಲು ಒಳಗೆ ಬಂದರು. ಹೊರಗೆ ಹೋಗುವವರು ಪರದೆಯ ಮುಂದೆ ನಿಂತರು.

"ರೇಣುಕಾ ಅವರ, ಮುಂಜಾನೆನೂ ಇದ ಅಂಕಿ ಇತ್ತಲ್ರಿ?"

"ಹೌದ್ರಿ ಸರ್."

"ನಿನ್ನೆ ನಾ ಮನಿಗೆ ಹೋಗುವಾಗ?"

ನಾನು ನೆನಪಿಸಿಕೊಂಡೆ. ಆಗಲೂ ಅದೇ ಇತ್ತು. ಒಂದಂಕಿಯೂ ಆಚೀಚೆ ಇರಲಿಲ್ಲ.

ಸಾಹೇಬರು ತಿರುಗಿ ನನ್ನನ್ನು ನೋಡಿದರು. "ಮಳಿಗಾಲದ ಹೊಳಿ ಹಿಂಗ ಒಂದ ಜಾಗದಾಗ ನಿಂದ್ರೂದಿಲ್ರಿ. ಏನೋ ಆಗೈತಿ."

ನಾನು ಜಲಾಶಯದ ಕಡೆ ಅಂಕಿ ತುಂಬುವವರಿಗೆ ಫೋನ್ ಹಚ್ಚಿದೆ. ಅವರ ದನಿಯ ಹಿಂದೆ ಒಂದು ಮೊರೆತ ಕೇಳುತ್ತಿತ್ತು. ತಂತಿಯ ಸದ್ದೆಂದುಕೊಂಡೆ. ಅದು ನೀರು.

"ಮೇಡಂ, ನಾವು ತಪ್ಪದಂಗ ಹಾಕಾಕತ್ತೀವ್ರಿ. ಗೇಟ್ ಎಲ್ಲಾ ತಗದಾರ. ಭಾಳ ನೀರು ಹೊಂಟೈತಿ. ನಿಮಗ ಕಾಣಂಗಿಲ್ಲೇನ್ರಿ?"

ಹೊಸ ಯಂತ್ರದ ಡೇಟಾಬೇಸನ್ನೇ ನೇರವಾಗಿ ತೆರೆದು ನೋಡಿದೆ. ಅವರು ಹೇಳಿದ್ದು ನಿಜ. ಸಾಲಿನ ಕೆಳಗೆ ಸಾಲು, ಒಂದಕ್ಕಿಂತ ಒಂದು ದೊಡ್ಡ ಅಂಕಿ. ಹೊಳೆ ಅಲ್ಲಿ ಏರುತ್ತಲೇ ಇತ್ತು. ಗೋಡೆಯ ಮೇಲಿನ ಪರದೆಯಲ್ಲಿ ಮಾತ್ರ ಶಾಂತವಾಗಿತ್ತು.

ಆದದ್ದು ಇಷ್ಟು. ಗೋಡೆಯ ಪರದೆಗೆ ಅಂಕಿ ತೋರಿಸುವ, ಮೆಸೇಜ್ ಕಳಿಸುವ ಕೆಲಸಕ್ಕೆ ಬೇರೆಯೇ ಒಂದು ಚಿಕ್ಕ ಪ್ರೋಗ್ರಾಮ್ ಇತ್ತು. ಎಂದೋ ಯಾರೋ ಬರೆದು ವರ್ಗವಾಗಿ ಹೋಗಿದ್ದರು. ಅದಕ್ಕೆ ಅದರದೇ ಸಂಪರ್ಕದ ಸಾಲು. ಅದರಲ್ಲಿ ಹಳೆಯ ಯಂತ್ರದ ವಿಳಾಸ ಹಾಗೆಯೇ ಉಳಿದಿತ್ತು. ಹಳೆಯ ಯಂತ್ರ ಆರಿದ್ದರೆ ಸಂಪರ್ಕ ಸಿಗದೆ ಕೆಂಪಕ್ಷರ ಬರುತ್ತಿತ್ತು, ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು. ಅದು ಆರಿರಲಿಲ್ಲ. ಕೇಳಿದಾಗಲೆಲ್ಲ ತನಗೆ ಗೊತ್ತಿದ್ದ ಕೊನೆಯ ಅಂಕಿಯನ್ನು ಪ್ರಾಮಾಣಿಕವಾಗಿ ಹೇಳುತ್ತಿತ್ತು. ಸಾಗಿಸಿದ ದಿನದ ಹೊಳೆಯನ್ನು ಅದು ಇನ್ನೂ ತೋರಿಸುತ್ತಿತ್ತು.

ಪ್ರಕಾಶ ಓಡಿ ಬಂದ. "ಅಕ್ಕಾರ, ಇಂಥಾದೊಂದು ಪ್ರೋಗ್ರಾಮ್ ಐತಿ ಅಂತ ನನಗ ಗೊತ್ತ ಇರ್ಲಿಲ್ರಿ. ಯಾರೂ ಹೇಳಿಲ್ರಿ."

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. "ಅದು ಆಮ್ಯಾಲ. ಹೊಳಿದಂಡಿ ಮ್ಯಾಲ ಜನ ಅದಾರ. ಮೊದಲ ಅವರು."

ಅವರು ಗಂಗಾವತಿಗೆ, ದಂಡೆಯ ಊರುಗಳಿಗೆ ಫೋನ್ ಮೇಲೆ ಫೋನ್ ಮಾಡತೊಡಗಿದರು. ಕೆಲವು ಊರುಗಳಲ್ಲಿ ಡಂಗುರ ಸಾರಿದ್ದರು. ವಿರೂಪಾಪುರಗಡ್ಡೆಯ ಸುದ್ದಿ ಗೊತ್ತಾಗಲಿಲ್ಲ. ಅದು ಹಂಪಿಯ ಎದುರಿಗೆ ಹೊಳೆಯ ನಡುವೆ ಇರುವ ನೆಲ, ಗದ್ದೆ ಮಾಡಿಕೊಂಡ ಜನ ಅಲ್ಲಿದ್ದಾರೆ. ನೀರು ಏರಿದರೆ ಈಚೆ ದಡಕ್ಕೆ ಬರುವ ದಾರಿ ಮುಚ್ಚಿಹೋಗುತ್ತದೆ.

ನಾನು ಆ ಚಿಕ್ಕ ಪ್ರೋಗ್ರಾಮಿನ ಸಾಲಿನಲ್ಲಿ ಹಳೆಯ ವಿಳಾಸ ಅಳಿಸಿ ಹೊಸದನ್ನು ಬರೆದೆ. ಪ್ರೋಗ್ರಾಮನ್ನು ಮತ್ತೆ ಶುರು ಮಾಡಿದೆ. ಈಗ ಕೆಂಪಕ್ಷರ ಬಂತು. ಒಳಗೆ ಬಿಡುವುದಿಲ್ಲ ಎಂದು ಹೊಸ ಡೇಟಾಬೇಸ್ ಹೇಳುತ್ತಿತ್ತು. ಈ ಚಿಕ್ಕ ಪ್ರೋಗ್ರಾಮಿನ ಹೆಸರನ್ನು ಅದು ಕೇಳಿಯೇ ಇರಲಿಲ್ಲ. ಪ್ರಕಾಶ ಪಕ್ಕದಲ್ಲಿ ಕೂತು, ಆ ಹೆಸರಿಗೆ ಪರವಾನಗಿ ಕೊಟ್ಟ. ಇನ್ನೊಮ್ಮೆ ಶುರು ಮಾಡಿದೆವು.

ಗೋಡೆಯ ಮೇಲಿನ ಅಂಕಿ ಒಮ್ಮೆಲೇ ಹಾರಿತು. ಅದು ಏರಲಿಲ್ಲ, ಹಾರಿತು. ಶಾಂತವಾಗಿದ್ದ ಹೊಳೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆಯನ್ನು ಎಷ್ಟೋ ದಾಟಿ ನಿಂತಿತ್ತು. ಸಾಹೇಬರ ಜೇಬಿನೊಳಗಿನ ಮೊಬೈಲ್ ಸದ್ದು ಮಾಡಿತು. ಅವರ ನಂಬರನ್ನೂ ನಾವು ಬರೆಸಿದ್ದೆವು. ಪರದೆಯ ಇನ್ನೊಂದು ಮೂಲೆಯಲ್ಲಿ ಮೆಸೇಜ್ ತಲುಪಿದ ಊರುಗಳ ಹೆಸರು ಒಂದರ ಕೆಳಗೆ ಒಂದು ಬರತೊಡಗಿದವು. ವಿರೂಪಾಪುರಗಡ್ಡೆ ಎಂದು ಬಂದಾಗ ಪ್ರಕಾಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಆ ಹಳೆಯ ಯಂತ್ರದ ಡೇಟಾಬೇಸನ್ನು ನಾನು ಆಗಲೇ ಮುಚ್ಚಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಸರ್ವರ್ ಬದಲಿಸಿದ ಮೇಲೆ ಹಳೆಯ ಡೇಟಾಬೇಸನ್ನು ಅಳಿಸಬೇಡಿ, ಆದರೆ ಅದರ ಬಾಗಿಲು ಹಾಕಿಬಿಡಿ. ಯಾರಾದರೂ ತಪ್ಪಿ ಅಲ್ಲಿಗೆ ಹೋದರೆ ಬಾಗಿಲಿಗೆ ಹಣೆ ಬಡಿದು ಕೂಗಿಕೊಳ್ಳಬೇಕು. ಒಳಗೆ ಕೂತ ಹಳೆಯ ಸುದ್ದಿಯನ್ನು ಇಂದಿನದೆಂದು ಹೊತ್ತು ಬರಬಾರದು. ಇನ್ನೊಂದು ಮಾತು. ಡೇಟಾಬೇಸಿನ ಹತ್ತಿರ ಯಾರು ಯಾರು ಬಂದು ಹೋಗುತ್ತಾರೆ ಎಂಬುದನ್ನು ಸಾಗಿಸುವ ಮುಂಚೆ ಆ ಡೇಟಾಬೇಸನ್ನೇ ಕೇಳಿ, ಅದು ಹೇಳುತ್ತದೆ. ಮನುಷ್ಯರು ವರ್ಗವಾಗಿ ಹೋಗಿರುತ್ತಾರೆ.

ಮೆಸೇಜ್ ಹೋದ ಮೇಲೆ ಸಾಹೇಬರು ಜೀಪ್ ತರಿಸಿದರು. "ನಡೀರಿ, ನೀವೂ ಬರ್ರಿ. ಗಡ್ಡಿ ಕಡಿ ಹೋಗಿ ನೋಡೂಣು" ಎಂದು ನನ್ನನ್ನೂ ಪ್ರಕಾಶನನ್ನೂ ಕರೆದರು. ನಾನು ಕಚೇರಿ ಬಿಟ್ಟು ಹೊಳೆ ನೋಡಲು ಹೋದವಳೇ ಅಲ್ಲ. ಇಷ್ಟು ವರ್ಷ ಅದರ ಅಂಕಿಯನ್ನು ಮಾತ್ರ ಕಾಯ್ದವಳು. ಗಿಣಿಗೇರಾದ ಕಾರ್ಖಾನೆಗಳ ಹೊಗೆ ದಾಟಿ, ಗಂಗಾವತಿ ಕಡೆಯ ಹಸಿರು ಗದ್ದೆಗಳ ನಡುವೆ ಜೀಪ್ ಓಡಿತು. ಜನ ಹೊರಟಿರುತ್ತಾರೋ ಇಲ್ಲವೋ ಎಂಬುದೇ ಎಲ್ಲರ ಮನಸ್ಸಿನಲ್ಲಿತ್ತು.

ಹೊಳೆಯ ಹತ್ತಿರ ಬಂದಾಗ ಜೀಪ್ ನಿಲ್ಲುವ ಮೊದಲೇ ನನಗೆ ಆ ಮೊರೆತ ಕೇಳಿಸಿತು. ಫೋನಿನಲ್ಲಿ ಕೇಳಿದ್ದೇ. ಬಂಡೆಗಳ ನಡುವೆ ಕೆಂಪು ನೀರು ಹೊರಳುತ್ತಿತ್ತು. ಮನೆಯಷ್ಟು ದೊಡ್ಡ ಬಂಡೆಗಳು ಬರೀ ನೆತ್ತಿ ತೋರಿಸುತ್ತಿದ್ದವು. ಬೇರು ಸಮೇತ ಬಂದ ಮರವೊಂದು ಕಡ್ಡಿಯ ಹಾಗೆ ತಿರುಗಿ ಮಾಯವಾಯಿತು. ಕಾಲ ಕೆಳಗಿನ ನೆಲ ನಡುಗುತ್ತಿತ್ತು. ಆರು ಅಂಕಿಗಳ ಒಂದು ಸಂಖ್ಯೆಯ ಒಳಗೆ ಇದೆಲ್ಲ ಇತ್ತೇ ಎಂದುಕೊಂಡೆ.

ಗಡ್ಡೆಯ ಜನ ಬರುತ್ತಿದ್ದರು. ದಾರಿ ಇನ್ನೂ ಮುಚ್ಚಿರಲಿಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿ, ಹಿಂದೆ ದನ. ಪ್ರಕಾಶ ಚಪ್ಪಲಿ ಬಿಟ್ಟು ಓಡಿಹೋಗಿ ಒಬ್ಬ ಮುದುಕನ ಗಂಟನ್ನು ತಾನು ಹೊತ್ತುಕೊಂಡ. ಸಾಹೇಬರು ದಾರಿಯ ಬಾಯಲ್ಲಿ ನಿಂತು, "ಇನ್ನ ಯಾರ್ ಅದಾರ್ರಿ ಒಳಗ? ಯಾರೂ ಉಳೀಬ್ಯಾಡ್ರಿ" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಕೊನೆಯ ಮನೆಯವರು ದಾಟಿದ ಮೇಲೆಯೇ ಅವರು ಅಲ್ಲಿಂದ ಕದಲಿದ್ದು. ಗದ್ದೆಗಳು ಮುಳುಗಿದವು, ಅದನ್ನು ಯಾರೂ ತಡೆಯುವ ಹಾಗಿರಲಿಲ್ಲ. ಜನ ಎಲ್ಲರೂ ಬಂದರು.

ನಾನು ನಿಂತಿದ್ದ ಬಂಡೆಯ ಹತ್ತಿರ ಒಬ್ಬ ಹಿರಿಯ ಹೆಂಗಸು ಆಡುಗಳನ್ನು ಕಟ್ಟಿ ಕೂತಿದ್ದಳು. ಹೆಸರು ಹನುಮವ್ವ. ಸೊಂಟದ ಸಂಚಿಯಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು.

"ಯವ್ವಾ, ಇದು ಮತ್ತ ಸಪ್ಪಳ ಮಾಡಿತು. ಮೊದಲ ಬಂದಿದ್ದನ್ನ ಬಾಜೂದವ್ರು ಓದಿ ಹೇಳಿದ್ರು, ಎದ್ದು ಬಂದ್ವಿ. ಇದರಾಗ ಏನ್ ಬರದೈತಿ ನೋಡು."

ನೀರು ಹೆಚ್ಚಿದಂತೆ ನಮ್ಮ ಪ್ರೋಗ್ರಾಮ್ ತಾನಾಗಿ ಕಳಿಸಿದ ಮೆಸೇಜನ್ನು ನಾನು ಇನ್ನೊಬ್ಬರ ಕೈಯಲ್ಲಿ ನೋಡಿದ್ದು ಅದೇ ಮೊದಲು. ಓದಿದೆ. "ನೀರು ಇನ್ನೂ ಹೆಚ್ಚು ಬಿಟ್ಟಾರಂತ ಯವ್ವಾ."

ಹನುಮವ್ವ ಹೊಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದರಕಿಂತ ಹೆಚ್ಚ? ಎಲ್ಲೈತಿ ಅದು?"

"ಇನ್ನೂ ದಾರಿಯಾಗ ಐತಿ. ಸಂಜಿಗೆ ಇಲ್ಲಿಗೆ ಬರ್ತೈತಿ."

"ಇನ್ನೂ ಬರದ ನೀರಿನ ಸುದ್ದಿ ಬಂದೈತಾ?" ಎಂದಳು ಅವಳು, ಮೆಲ್ಲಗೆ.

ಹೌದು ಎಂದು ತಲೆಯಾಡಿಸಿದೆ. ಅವಳು ಎದ್ದು ಆಡುಗಳ ಹಗ್ಗ ಬಿಚ್ಚಿ, ಇನ್ನಷ್ಟು ಮೇಲಿನ ಬಂಡೆಗೆ ನಡೆದಳು. ದಾರಿಯಲ್ಲಿ ಕೂತವರಿಗೆಲ್ಲ, "ಮ್ಯಾಲ ಬರ್ರಿ, ಇನ್ನೂ ಬರೂದೈತಂತ" ಎನ್ನುತ್ತ ಹೋದಳು. ಅವರೂ ಎದ್ದರು. ನಾನೂ ಅವಳ ಹಿಂದೆ ಹತ್ತಿದೆ. ಇಬ್ಬರೂ ಅಲ್ಲಿ ಕೂತು ಹೊಳೆ ಬರುವ ದಿಕ್ಕಿಗೆ ಮುಖ ಮಾಡಿದೆವು.

ಹೊತ್ತು ಇಳಿಯುವಾಗ ನೀರಿನ ಸದ್ದು ಬದಲಾಯಿತು. ನಾವು ಮೊದಲು ಇದ್ದ ಬಂಡೆ ನೋಡುನೋಡುತ್ತಲೇ ಮುಳುಗಿತು. ಹನುಮವ್ವ ನನ್ನ ಮುಂಗೈ ಹಿಡಿದುಕೊಂಡಳು.

"ಬಂತು ನೋಡವ್ವಾ" ಎಂದಳು. "ಹೇಳಿ ಕಳಿಸಿ ಬಂತು."